ಸಿಡಿಲೋ, ಕರೆಂಟೋ? ತೋಟದಲ್ಲಿ ಸಿಕ್ಕ ದೇಹವನ್ನು ಪರೀಕ್ಷಿಸುವ ಕ್ರಮ

ಏಪ್ರಿಲ್-ಮೇ ತಿಂಗಳ ಅಡ್ಡಮಳೆಯಲ್ಲೂ ಅಕ್ಟೋಬರ್ ಆಚೀಚಿನ ಸಂಜೆಮಳೆಯಲ್ಲೂ ಉತ್ತರ ಕನ್ನಡದಲ್ಲಿ ಘಟ್ಟದ ಮೇಲೆ, ಕೆಳಗೆ ಎರಡೂ ಕಡೆ ಗುಡುಗು ಜೋರು. ಇಂಥ ದಿನ ತೋಟದಲ್ಲೋ ಗದ್ದೆಯಂಚಿನಲ್ಲೋ ಯಾರಾದರೂ ಸತ್ತುಬಿದ್ದರೆ 'ಸಿಡಿಲು ಬಡಿಯಿತು' ಎಂಬ ಮಾತು ದೇಹಕ್ಕಿಂತ ಮೊದಲೇ ಶವಾಗಾರಕ್ಕೆ ಬಂದಿರುತ್ತದೆ. ಆದರೆ ಅದೇ ಗದ್ದೆಯಂಚಿನಲ್ಲಿ ಹಂದಿ ಕಾಟಕ್ಕೆಂದು ಕರೆಂಟ್ ಬಿಟ್ಟ ತಂತಿ ಇದ್ದಿರಬಹುದು. ಗಾಳಿಗೆ ಲೈನ್ ಹರಿದಿರಬಹುದು. ಅಡಿಕೆ ಕೊನೆ ಇಳಿಸುವ ದೋಟಿ ಲೈನಿಗೆ ತಾಗಿರಬಹುದು. ಅಲ್ಯೂಮಿನಿಯಂ ಮಾತ್ರವಲ್ಲ, ಕಾರ್ಬನ್ ಫೈಬರ್ ದೋಟಿಯಲ್ಲೂ ವಿದ್ಯುತ್ ಹರಿಯುತ್ತದೆ. ಸಿಡಿಲಾದರೆ ಮನೆಯವರಿಗೆ ಪರಿಹಾರದ ಪ್ರಶ್ನೆ, ತಂತಿಯಾದರೆ ಅಪರಾಧದ ಪ್ರಶ್ನೆ. ಎರಡನ್ನೂ ಮನಸ್ಸಿನಲ್ಲಿಟ್ಟುಕೊಂಡೇ ಕೆಲಸ ಶುರುಮಾಡಿ.

ಸ್ಥಳದಲ್ಲಿ

ಸಿಡಿಲು ಬಡಿದವರ ಮೈಯಲ್ಲಿ ಕರೆಂಟ್ ಉಳಿದಿರುವುದಿಲ್ಲ, ಮುಟ್ಟಬಹುದು. ಹತ್ತಿರ ತಂತಿ ಕಂಡರೆ ಮಾತ್ರ ಲೈನ್ ಬಂದ್ ಆಗಿದೆಯೆಂದು ಲೈನ್‌ಮನ್ ಹೇಳುವವರೆಗೆ ದೂರವಿರಿ. ಆಗಷ್ಟೇ ಬಿದ್ದವರಲ್ಲಿ ಉಸಿರಿಲ್ಲ, ಕಣ್ಣಿನ ಪಾಪೆ ಅಗಲವಾಗಿದೆ ಎಂದ ಮಾತ್ರಕ್ಕೆ ಸತ್ತರೆಂದು ಕೈಬಿಡಬೇಡಿ. ಸಿಡಿಲಿಗೆ ನಿಂತ ಹೃದಯ ಎಷ್ಟೋ ಸಲ ತಾನಾಗಿ ಮತ್ತೆ ಬಡಿಯತೊಡಗುತ್ತದೆ. ಮೆದುಳಿನ ಉಸಿರಾಟ ಕೇಂದ್ರ ಚೇತರಿಸಿಕೊಳ್ಳಲು ಅದಕ್ಕಿಂತ ಹೆಚ್ಚು ಹೊತ್ತು ಬೇಕು. ಆ ನಡುವೆ ಉಸಿರು ಕೊಡದಿದ್ದರೆ ಹೃದಯ ಎರಡನೇ ಸಲ ನಿಲ್ಲುತ್ತದೆ. 30 ಸಲ ಎದೆ ಒತ್ತಿ 2 ಉಸಿರು ಕೊಡಿ. ಒತ್ತುವ ವೇಗ ನಿಮಿಷಕ್ಕೆ 100ರಿಂದ 120. ಹಲವರು ಬಿದ್ದಿದ್ದರೆ ನರಳುವವರಿಗಿಂತ ಮೊದಲು ಉಸಿರಿಲ್ಲದವರನ್ನು ನೋಡಿ.

ಮಹಜರು ಬರೆಯುವಾಗ ಮರದ ತೊಗಟೆ ಉದ್ದಕ್ಕೆ ಸೀಳಿದೆಯೇ, ತೆಂಗಿನ ಸುಳಿ ಸುಟ್ಟಿದೆಯೇ, ಹತ್ತಿರ ದನಕರು ಸತ್ತಿವೆಯೇ, ಪಕ್ಕದ ಮನೆಯ ಮೀಟರ್ ಹೋಗಿದೆಯೇ ಎಂದು ನೋಡಿ ದಾಖಲಿಸಿ. ದೇಹ ಮರಕ್ಕೆ ತಾಗಿರಲಿಲ್ಲ ಎಂದು ಸಿಡಿಲನ್ನು ತಳ್ಳಿಹಾಕುವಂತಿಲ್ಲ: ನೆಲಕ್ಕಿಳಿದ ವಿದ್ಯುತ್ ಸುತ್ತ ಹರಡಿ, ಕೆಲವು ಮೀಟರ್ ಆಚೆ ನಿಂತವರ ಒಂದು ಕಾಲಿನಿಂದ ಹತ್ತಿ ಇನ್ನೊಂದರಿಂದ ಇಳಿಯುತ್ತದೆ. ತಂತಿಯನ್ನು ಯಾರಾದರೂ ಮೊದಲೇ ತೆಗೆದಿದ್ದರೂ ಗೂಟ ಕಿತ್ತ ಕುಳಿ, ಹುಲ್ಲಿನ ಮೇಲೆ ಸುಟ್ಟ ಗೆರೆ ಉಳಿದಿರಬಹುದು. ಅಂಚಿನುದ್ದಕ್ಕೂ ನಡೆದು ನೋಡಿ.

ಜರಿಗಿಡದ ಗುರುತು

ಶವಾಗಾರದಲ್ಲಿ ಮೈ ಒರೆಸುವ, ತೊಳೆಯುವ ಮೊದಲೇ ಫೋಟೋ ಆಗಬೇಕು. ಭುಜ, ಎದೆ, ಬೆನ್ನು, ತೊಡೆಯ ಮೇಲೆ ಜರಿಗಿಡದ ಎಲೆಯಂತೆ ಕವಲೊಡೆದ ಕೆಂಪು ಗೆರೆಗಳಿವೆಯೇ ಹುಡುಕಿ. ಲಿಚ್ಟೆನ್‌ಬರ್ಗ್ ಆಕೃತಿ ಎಂದರೆ ಇದೇ. ಇದು ಸುಟ್ಟ ಗಾಯವಲ್ಲ, ಮೇಲಿನ ಚರ್ಮ ಸುಲಿದಿರುವುದಿಲ್ಲ. ಒಂದು ಗಂಟೆಯೊಳಗೆ ಮೂಡಿ ಸಾಮಾನ್ಯವಾಗಿ ಒಂದೆರಡು ದಿನದಲ್ಲಿ ಮಾಸುತ್ತದೆ. ದೇಹವನ್ನು ರಾತ್ರಿಯಿಡೀ ಇರಿಸಿ ಮರುದಿನ ನೋಡಿದರೆ ಇದ್ದ ಒಂದೇ ಬಲವಾದ ಸಾಕ್ಷ್ಯ ಕೈತಪ್ಪಬಹುದು. ಕಪ್ಪು ಮೈಬಣ್ಣದಲ್ಲಿ ನೇರ ಬೆಳಕಿಗೆ ಕಾಣದಿದ್ದರೆ ಟಾರ್ಚನ್ನು ಓರೆಯಾಗಿ ಹಿಡಿಯಿರಿ. ಪಕ್ಕದಲ್ಲಿ ಅಳತೆಪಟ್ಟಿ ಇಡಿ, ಫೋಟೋ ತೆಗೆದ ಸಮಯ ಬರೆಯಿರಿ.

ಇಲ್ಲೊಂದು ತಪ್ಪು ಆಗುವುದುಂಟು. ಕರಾವಳಿಯ ಸೆಕೆಗೆ ದೇಹ ಬೇಗ ಕೊಳೆಯುತ್ತದೆ, ಆಗಲೂ ಕವಲು ಗೆರೆ ಮೂಡುತ್ತದೆ. ಆದರೆ ಅದು ರಕ್ತನಾಳದ ಜಾಡಿನಲ್ಲೇ ಇರುತ್ತದೆ, ಬಣ್ಣ ಹಸಿರು-ಕಂದು, ಜೊತೆಗೆ ಹೊಟ್ಟೆ ಹಸಿರಾಗಿ ಉಬ್ಬಿರುತ್ತದೆ. ಸಿಡಿಲಿನ ಗುರುತು ನಾಳದ ದಾರಿ ಹಿಡಿಯುವುದಿಲ್ಲ.

ಉಳಿದ ಗಾಯಗಳು

ಸಿಡಿಲಿನ ವಿದ್ಯುತ್ ಮೈಯಲ್ಲಿರುವುದು ಕ್ಷಣಾಂಶ ಮಾತ್ರ. ಬಹುಪಾಲು ಚರ್ಮದ ಮೇಲೆಯೇ ಹರಿದುಹೋಗುತ್ತದೆ. ಹಾಗಾಗಿ ಆಳದ ಸುಟ್ಟಗಾಯ ಅಪರೂಪ. ಕಂಕುಳು, ಎದೆಯ ನಡುವೆ, ತೊಡೆಸಂದಿ ಹೀಗೆ ಬೆವರಿದ ಕಡೆ ಆ ತೇವ ಆವಿಯಾಗಿ ಉದ್ದನೆಯ ಸುಟ್ಟ ಪಟ್ಟಿ ಬೀಳುತ್ತದೆ. ಬಟ್ಟೆ ಚಿಂದಿಯಾಗಿ, ಚಪ್ಪಲಿ ಒಡೆದು ಹಾರುವುದಕ್ಕೂ ಇದೇ ಕಾರಣ. ಹರಿದ ಬಟ್ಟೆ ಕಂಡೊಡನೆ ಹಲ್ಲೆಯೆಂದು ಬರೆಯಬೇಡಿ. ಕೊರಳಲ್ಲಿ ಸರದ್ದೇ ಆಕಾರದ ಸುಟ್ಟ ಗೆರೆಯಿದ್ದರೆ ಬಿಗಿದ ಗುರುತೆಂದು ಭಾವಿಸುವ ಮೊದಲು ಸರದ ಕೊಂಡಿಗಳು ಕರಗಿವೆಯೇ ನೋಡಿ. ಬೀಗದಕೈ, ಕತ್ತಿಯಂಥ ಕಬ್ಬಿಣದ ವಸ್ತುವಿನ ಬಳಿ ಗುಂಡುಪಿನ್ನು ಹಿಡಿದು ಅಯಸ್ಕಾಂತವಾಗಿದೆಯೇ ಪರೀಕ್ಷಿಸಿ. ಚಿನ್ನ, ಬೆಳ್ಳಿಗೆ ಇದು ನಡೆಯದು. ಕಿವಿಯೊಳಗೆ ಓಟೋಸ್ಕೋಪ್ (ಕಿವಿ ನೋಡುವ ದೀಪದ ಉಪಕರಣ) ಹಾಕದೆ ಪರೀಕ್ಷೆ ಮುಗಿಸಬೇಡಿ: ಸಿಡಿಲಿನ ಗಾಳಿಯ ಒತ್ತಡಕ್ಕೆ ತಮಟೆ ಹರಿಯುವುದು ಸಾಮಾನ್ಯ, ಹಂದಿ ತಂತಿಯ ಕರೆಂಟಿನಿಂದ ಹಾಗಾಗದು.

ತಂತಿಯ ಗುರುತೇ ಬೇರೆ. ಬೆರಳ ತುದಿ, ಅಂಗೈ, ಕಣಕಾಲಲ್ಲಿ ಚಿಕ್ಕ ಕುಳಿ. ಅಂಚು ಎದ್ದು ಬೆಳ್ಳಗಾಗಿರುತ್ತದೆ, ಮುಟ್ಟಿದರೆ ಗಟ್ಟಿ, ನಡುವೆ ಕರಿ. ಲೆನ್ಸಿನಲ್ಲಿ ನೋಡಿದರೆ ಲೋಹದ ಕಣ ಅಂಟಿರುವುದು ಕಾಣಬಹುದು, ತಾಮ್ರವಾದರೆ ಹಸಿರು-ನೀಲಿ ಛಾಯೆ. ಆ ಚರ್ಮವನ್ನು ಸುತ್ತಲಿನ ಒಳ್ಳೆಯ ಚರ್ಮದೊಂದಿಗೆ ಕತ್ತರಿಸಿ, ಕೊಳೆಯದಂತೆ ಕಾಪಾಡುವ 10% ಫಾರ್ಮಲಿನ್‌ಗೆ ಹಾಕಿ. ಲೋಹದ ಪರೀಕ್ಷೆಗೆ ಇನ್ನೊಂದು ತುಂಡು ಬೇರೆ ಇಡಿ. ಮಳೆಯಲ್ಲಿ ನೆನೆದ ಮೈಗೆ, ನೀರಲ್ಲಿ ನಿಂತವರಿಗೆ ಕರೆಂಟ್ ಹೊಡೆದರೆ ಈ ಕುಳಿ ಬೀಳದೆಯೂ ಇರಬಹುದು. ಒದ್ದೆ ಚರ್ಮದಲ್ಲಿ ತಡೆ ಕಡಿಮೆ, ಸುಡುವಷ್ಟು ಬಿಸಿ ಹುಟ್ಟುವುದಿಲ್ಲ. ನಮ್ಮ ಮಳೆಗಾಲದಲ್ಲಿ ಇದನ್ನು ಮರೆಯುವಂತಿಲ್ಲ.

ಒಳ ಅಂಗಗಳಲ್ಲಿ ರಕ್ತ ತುಂಬಿರುವುದು, ಶ್ವಾಸಕೋಶದಲ್ಲಿ ನೀರು ಎರಡರಲ್ಲೂ ಕಾಣುತ್ತದೆ. ಅದರಿಂದ ತೀರ್ಮಾನಕ್ಕೆ ಬರಲಾಗದು.

ವರದಿ

ಇದು ಅಸಹಜ ಸಾವು, ಬಿಎನ್‌ಎಸ್‌ಎಸ್ (ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ) 194ನೇ ಕಲಮಿನಡಿ ಯುಡಿಆರ್ (ಅಸಹಜ ಸಾವಿನ ವರದಿ) ಆಗುತ್ತದೆ. ಜರಿಗಿಡದ ಗುರುತು ಎಲ್ಲರಲ್ಲೂ ಮೂಡುವುದಿಲ್ಲ. ಮೈಮೇಲೆ ಏನೂ ಇಲ್ಲದೆಯೂ ಸಿಡಿಲಿಗೆ ಸಾವು ಬರುತ್ತದೆ. ಗುರುತು ಸಿಗದಿದ್ದಾಗ 'ಸಿಡಿಲಿನಿಂದ' ಎಂದು ಮೌಖಿಕ ಮಾಹಿತಿ ನಂಬಿ ಬರೆಯದೆ ಅಭಿಪ್ರಾಯ ಕಾಯ್ದಿರಿಸಿ. ವಿಷದ ಪರೀಕ್ಷೆಗೆ ಒಳ ಅಂಗಗಳನ್ನು ಕಳುಹಿಸಿ. ಆ ದಿನ, ಆ ಹೊತ್ತಿಗೆ ಅಲ್ಲಿ ಸಿಡಿಲು ದಾಖಲಾಗಿದೆಯೇ ಎಂದು ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರಕ್ಕೆ ಬರೆದು ಕೇಳುವಂತೆ ತನಿಖಾಧಿಕಾರಿಗೆ ಹೇಳಿ. ಲೈನ್ ಟ್ರಿಪ್ ಆದ (ತಾನಾಗಿ ಬಂದ್ ಆದ) ಸಮಯವನ್ನು ಸಬ್‌ಸ್ಟೇಷನ್ನಿನಿಂದ ತರಿಸಿ. ಬಟ್ಟೆ, ಚಪ್ಪಲಿಯನ್ನು ನೆರಳಲ್ಲಿ ಒಣಗಿಸಿ ಒಂದೊಂದನ್ನೂ ಬೇರೆ ಬೇರೆ ಕಾಗದದ ಚೀಲದಲ್ಲಿಟ್ಟು ಸೀಲ್ ಮಾಡಿ. ಒದ್ದೆಯದನ್ನು ಪ್ಲಾಸ್ಟಿಕ್ಕಿನಲ್ಲಿ ಕಟ್ಟಿದರೆ ಪ್ರಯೋಗಾಲಯ ತಲುಪುವಷ್ಟರಲ್ಲಿ ಬೂಷ್ಟು ಹಿಡಿದು, ಸುಟ್ಟ ಅಂಚು ಯಾವುದು, ಹರಿದದ್ದು ಯಾವುದು ಎಂದು ಹೇಳುವುದೇ ಕಷ್ಟವಾಗುತ್ತದೆ.