ಕ್ಲೈಂಟ್ ಪರದೆ ತಪ್ಪು ತೋರಿಸಿದಾಗ ಕಲರ್ ಮಾಸ್ಟರ್ ಕಾಪಾಡುವುದು ಹೇಗೆ

"ಮುಖ ಕೆಂಪಾಗಿದೆ, ಕತ್ತಲಲ್ಲಿ ಏನೂ ಕಾಣುತ್ತಿಲ್ಲ" ಎಂದು ಕ್ಲೈಂಟ್ ಬರೆದ ಕೂಡಲೇ ಗ್ರೇಡ್‌ಗೆ, ಅಂದರೆ ವೀಡಿಯೋದಲ್ಲಿ ನೀವು ಹೊಂದಿಸಿದ ಬಣ್ಣ-ಬೆಳಕಿಗೆ, ಕೈ ಹಾಕಬೇಡಿ. ಒಂದು ಪರದೆ ನೀಲಿಗೆ ವಾಲಿದರೆ ಇನ್ನೊಂದು ಹಳದಿಗೆ ವಾಲುತ್ತದೆ. ಮಾನಕಕ್ಕೆ ಸರಿಯಾಗಿರುವ ಮಾಸ್ಟರ್ (ಅಂತಿಮ ಮೂಲ ಪ್ರತಿ) ಈ ಎರಡರ ನಡುವೆ ಇರುವುದರಿಂದ ಎಲ್ಲೂ ತೀರಾ ಕೆಡುವುದಿಲ್ಲ. ಒಬ್ಬರ ಲ್ಯಾಪ್‌ಟಾಪ್‌ಗೆ ಹೊಂದಿಸಿದ್ದು ಉಳಿದ ಕಡೆಯೆಲ್ಲ ಕೆಡುತ್ತದೆ.

ಮೊದಲು ನಿಮ್ಮ ಕಡೆ ಗಟ್ಟಿ ಮಾಡಿಕೊಳ್ಳಿ: ರೆಕ್ 709 (ಎಚ್‌ಡಿ ವೀಡಿಯೋದ ಬಣ್ಣದ ಮಾನಕ), ವೈಟ್ ಪಾಯಿಂಟ್ ಡಿ65 (ಬಿಳಿಯ ಛಾಯೆಯ ಮಾನಕ), ಗಾಮಾ 2.4 (ಕಪ್ಪು-ಬಿಳಿ ನಡುವಿನ ಬೆಳಕಿನ ಏರಿಕೆ), ಬಿಳುಪು 100 ನಿಟ್ಸ್ (ಪರದೆಯ ಬೆಳಕಿನ ಅಳತೆ), ಮಂದ ಬೆಳಕಿನ ಕೋಣೆ. ಬೆಳಕಿರುವ ಕೋಣೆಯಲ್ಲಿ ನೋಡುವ ವೆಬ್ ವೀಡಿಯೋ ಆದರೆ ಗಾಮಾ 2.2 ಎಂದು ಆರಂಭದಲ್ಲೇ ತೀರ್ಮಾನಿಸಿ. ಮಾನಿಟರನ್ನು ಅರ್ಧ ಗಂಟೆ ಬಿಸಿಯಾಗಲು ಬಿಟ್ಟು, ಆಮೇಲೆ ಪ್ರೋಬ್ (ಪರದೆಯ ಬಣ್ಣ ಅಳೆಯುವ ಸಾಧನ) ಇಟ್ಟು ಅಳೆಯಿರಿ.

ಆಮೇಲೆ ಫೈಲ್ ನೋಡಿ. ಇಡೀ ಚಿತ್ರ ಮಸುಕಾಗಿ ಕಪ್ಪು ಬೂದು ಬಣ್ಣಕ್ಕೆ ತಿರುಗಿದ್ದರೆ, ಕಪ್ಪನ್ನು 16, ಬಿಳಿಯನ್ನು 235 ಎಂದು ಬರೆಯುವ ಲಿಮಿಟೆಡ್ ಸಿಗ್ನಲನ್ನು ಪ್ಲೇಯರ್ 0–255ರ ಫುಲ್ ರೇಂಜ್ ಎಂದುಕೊಂಡಿರಬಹುದು. ಇದು ತಿರುವುಮುರುವಾದರೆ ನೆರಳುಗಳು ಕಪ್ಪಲ್ಲಿ ಮುಳುಗುತ್ತವೆ. ಮ್ಯಾಕ್‌ನ ಕ್ವಿಕ್‌ಟೈಮ್‌ನಲ್ಲಿ ಮಾತ್ರ ಪೇಲವವಾಗಿ ಕಂಡರೆ ಗಾಮಾ ಟ್ಯಾಗ್ (ಗಾಮಾ ಯಾವುದೆಂದು ಫೈಲ್‌ನಲ್ಲಿ ಬರೆದಿರುವ ಗುರುತು) ಪರೀಕ್ಷಿಸಿ. ಇವೆಲ್ಲ ಎಕ್ಸ್‌ಪೋರ್ಟ್‌ನ ದೋಷಗಳು, ಗ್ರೇಡ್ ಬದಲಿಸಿ ಮುಚ್ಚುವಂಥವಲ್ಲ.

ಫೈಲ್ ಸರಿಯಿದ್ದರೆ ಕ್ಲೈಂಟ್‌ಗೆ ಕೇಳಿ: ಯಾವ ಸಾಧನ, ಯಾವ ಆ್ಯಪ್, ಕೋಣೆಯಲ್ಲಿ ಎಷ್ಟು ಬೆಳಕು? ಟ್ರೂ ಟೋನ್, ನೈಟ್ ಮೋಡ್, ಆಟೋ ಬ್ರೈಟ್‌ನೆಸ್, ವಿವಿಡ್ ಮೋಡ್ ಆಫ್ ಮಾಡಿಸಿ. ಟೀವಿಯಾದರೆ ಫಿಲ್ಮ್‌ಮೇಕರ್ ಅಥವಾ ಸಿನಿಮಾ ಮೋಡ್‌ಗೆ ಹಾಕಿಸಿ. ಬಹಳಷ್ಟು ದೂರುಗಳು ಇಲ್ಲಿಗೇ ಮುಗಿಯುತ್ತವೆ.

ರಿವ್ಯೂ ಕಾಪಿಯ ಮುಂದೆ ಹತ್ತು ಸೆಕೆಂಡಿನ ಪರೀಕ್ಷಾ ಚಿತ್ರ ಸೇರಿಸಿ: ಪೂರ್ಣ ಕಪ್ಪಿನ ಮೇಲೆ 2%, 4%, 6% ಬೂದು ಪಟ್ಟಿಗಳು. ಎಷ್ಟು ಪಟ್ಟಿ ಕಾಣುತ್ತವೆ ಎಂದು ಕ್ಲೈಂಟ್‌ನಿಂದ ಬರೆಸಿಕೊಳ್ಳಿ. 6% ಪಟ್ಟಿಯೂ ಕಾಣದಿದ್ದರೆ ಅವರ ಪರದೆ ನೆರಳನ್ನು ನುಂಗುತ್ತಿದೆ. ವಾದಕ್ಕಿಂತ ಈ ಉತ್ತರವೇ ಹೆಚ್ಚು ಕೆಲಸಕ್ಕೆ ಬರುತ್ತದೆ.

ಹಾಗೆಂದು ಎಲ್ಲ ದೂರನ್ನೂ ಪರದೆಯ ಮೇಲೆ ಹಾಕುವುದು ಸರಿಯಲ್ಲ. ಗ್ರೇಡನ್ನು ಒಂದು ಫೋನ್, ಒಂದು ಅಗ್ಗದ ಲ್ಯಾಪ್‌ಟಾಪ್‌ನಲ್ಲೂ ನೋಡಿ. ಎರಡರಲ್ಲೂ ಕಥೆಗೆ ಬೇಕಾದ ವಸ್ತು ಕತ್ತಲಲ್ಲಿ ಕಳೆದುಹೋದರೆ ಇಡೀ ಫ್ರೇಮ್‌ನ ಬೆಳಕು ಎತ್ತಬೇಡಿ. ಆ ವಸ್ತುವನ್ನಷ್ಟೇ ವಿಂಡೋದಲ್ಲಿ (ಫ್ರೇಮ್‌ನ ಒಂದು ಭಾಗವನ್ನು ಆರಿಸುವ ಆಕಾರ) ಹಿಡಿದು, ವೇವ್‌ಫಾರ್ಮ್ (ಬೆಳಕಿನ ಮಟ್ಟ ತೋರಿಸುವ ಗ್ರಾಫ್) ನೋಡುತ್ತಾ ಸ್ವಲ್ಪ ಮೇಲೆತ್ತಿ. ಅಗಲ ಗ್ಯಾಮಟ್‌ನ (ಹೆಚ್ಚು ಗಾಢ ಬಣ್ಣ ತೋರಿಸಬಲ್ಲ) ಕೆಲವು ಫೋನ್‌ಗಳಲ್ಲಿ ಕೆಂಪು ಉಬ್ಬುತ್ತದೆ, ಹಾಗಾಗಿ ಚರ್ಮದ ಬಣ್ಣ ವೆಕ್ಟರ್‌ಸ್ಕೋಪ್‌ನ (ಬಣ್ಣದ ಛಾಯೆ, ಗಾಢತೆ ತೋರಿಸುವ ಗ್ರಾಫ್) ಸ್ಕಿನ್ ಟೋನ್ ರೇಖೆಯ ಹತ್ತಿರವೇ ಇರಲಿ, ಸ್ಯಾಚುರೇಷನ್ (ಗಾಢತೆ) ಅಂಚಿಗೆ ಹೋಗದಿರಲಿ.

ಅಂತಿಮ ಒಪ್ಪಿಗೆಯನ್ನು ಒಂದೇ ಸಾಧನದಲ್ಲಿ ಪಡೆದು, ಅದರ ಹೆಸರನ್ನು ಮೇಲ್‌ನಲ್ಲಿ ದಾಖಲಿಸಿ. ಆದರೂ ಕ್ಲೈಂಟ್ ತಮ್ಮ ಪರದೆಗೇ ಬೇಕೆಂದರೆ ಬೇರೆ ಹೆಸರಿನ ಟ್ರಿಮ್ ಆವೃತ್ತಿ (ಆ ಪರದೆಗೆಂದೇ ಹೊಂದಿಸಿದ ಪ್ರತಿ) ಕೊಡಿ. ಮೂಲ ಮಾಸ್ಟರ್ ಲಾಕ್ ಆಗಿಯೇ ಇರಲಿ.