ರೇಷ್ಮೆ ಹುಳು ಮನೆಯಲ್ಲಿ ಇಪ್ಪತ್ತೈದು ದಿನ: ಚಿತ್ರಗಳಲ್ಲಿ ಕಥೆ ಕಟ್ಟುವುದು ಹೇಗೆ

ಒಳ್ಳೆಯ ಒಂಟಿ ಚಿತ್ರ ತೆಗೆಯುವವರು ಊರಿಗೆ ಹತ್ತು ಜನ ಸಿಗುತ್ತಾರೆ. ಅವರಿಗೇ ಒಂಬತ್ತು ಚಿತ್ರಗಳಲ್ಲಿ ಒಂದು ಮನೆಯ ಕಥೆ ಹೇಳಿ ಅಂದರೆ ಒಂಬತ್ತು ಒಂಟಿ ಚಿತ್ರ ತಂದು ಮುಂದಿಡುತ್ತಾರೆ: ಸೂರ್ಯಾಸ್ತದ ಎದುರು ರೈತ, ಸುಕ್ಕುಗಟ್ಟಿದ ಕೈ, ನಗುವ ಮಗು, ಮತ್ತೆ ಸುಕ್ಕುಗಟ್ಟಿದ ಕೈ. ಪತ್ರಿಕಾ ಛಾಯಾಗ್ರಾಹಕರಿಂದ ಕಲಿಯಬೇಕಾದ ಮುಖ್ಯ ವಿದ್ಯೆ ಯಾವುದೆಂದರೆ, ಒಂದು ಚಿತ್ರದ ಪಕ್ಕದಲ್ಲಿ ಯಾವುದನ್ನು ಇಡಬೇಕು ಮತ್ತು ಯಾಕೆ ಎಂಬುದು. ಈ ಪಾಠಕ್ಕೆ ಮೊದಲು ಬೇಕಾದದ್ದು ಪೆನ್ಸಿಲ್; ಕ್ಯಾಮೆರಾ ಆಮೇಲೆ.

ಪೆನ್ಸಿಲ್ ಹಿಡಿದು ನೋಡುವುದು

ಶುರು ಮಾಡಲು ಅಮೆರಿಕದ ಛಾಯಾಗ್ರಾಹಕ ಯುಜೀನ್ ಸ್ಮಿತ್ ಅವರ ‘ಕಂಟ್ರಿ ಡಾಕ್ಟರ್’ ಎಂಬ ಚಿತ್ರಕಥೆ ಸಾಕು. ಅಮೆರಿಕದ ಕೊಲರಾಡೊ ರಾಜ್ಯದ ಕ್ರೆಮ್ಲಿಂಗ್ ಎಂಬ ಸಣ್ಣ ಊರಿನ ವೈದ್ಯ ಅರ್ನೆಸ್ಟ್ ಸೆರಿಯಾನಿ ಅವರ ಬೆನ್ನು ಹತ್ತಿ ಸ್ಮಿತ್ 23 ದಿನ ಕಳೆದರು; ‘ಲೈಫ್’ ಪತ್ರಿಕೆಯ 1948ರ ಸೆಪ್ಟೆಂಬರ್ 20ರ ಸಂಚಿಕೆಯಲ್ಲಿ ಅದು ಬಂತು. ‘ಲೈಫ್‌’ನ ಹಳೆಯ ಸಂಚಿಕೆಗಳು ಗೂಗಲ್ ಬುಕ್ಸ್‌ನಲ್ಲಿ ಪುಕ್ಕಟೆ ನೋಡಲು ಸಿಗುತ್ತವೆ. ಬಿಡಿ ಚಿತ್ರಗಳನ್ನು ಹುಡುಕಿಕೊಂಡು ಹೋಗಬೇಡಿ, ಅಚ್ಚಾದ ಪುಟಗಳನ್ನೇ ನೋಡಿ.

ಒಂದು ಹಾಳೆಯಲ್ಲಿ ಪ್ರತಿ ಚಿತ್ರಕ್ಕೂ ಒಂದು ಚೌಕ ಬರೆಯಿರಿ. ಪುಟದಲ್ಲಿ ದೊಡ್ಡದಾಗಿದ್ದರೆ ದೊಡ್ಡ ಚೌಕ, ಚಿಕ್ಕದಾಗಿದ್ದರೆ ಚಿಕ್ಕದು. ಒಳಗೆ ಮೂರು ಸಂಗತಿ ಗುರುತು ಹಾಕಿ: ಕ್ಯಾಮೆರಾ ಎಷ್ಟು ದೂರದಲ್ಲಿತ್ತು, ಯಾರು ಯಾರನ್ನು ನೋಡುತ್ತಿದ್ದಾರೆ, ನೋಡುಗನ ಮನಸ್ಸಿನಲ್ಲಿ ಯಾವ ಪ್ರಶ್ನೆ ಉಳಿಯಿತು. ಮೋಡ ಕವಿದ ಆಕಾಶದ ಕೆಳಗೆ ವೈದ್ಯರು ಚೀಲ ಹಿಡಿದು ಒಬ್ಬರೇ ನಡೆದು ಬರುವ ಆರಂಭದ ಚಿತ್ರವನ್ನೇ ತೆಗೆದುಕೊಳ್ಳಿ. ಯಾರ ಮನೆಗೆ ಹೋಗುತ್ತಿದ್ದಾರೆ? ಮುಂದಿನ ಪುಟಗಳು ಇದಕ್ಕೆ ಉತ್ತರ ಕೊಡುತ್ತ ಹೋಗುತ್ತವೆ. ಕುದುರೆ ಒದ್ದು ತಲೆಗೆ ಪೆಟ್ಟಾದ ಪುಟ್ಟ ಹುಡುಗಿಯ ಸರಣಿಯಲ್ಲಿ ಗಾಯದಷ್ಟೇ ಜಾಗ ತಂದೆತಾಯಿಯ ಮುಖಕ್ಕೂ ಸಿಕ್ಕಿದೆ. ಕೊನೆಯಲ್ಲಿ, ರಾತ್ರಿ 2ರವರೆಗೆ ನಡೆದ ಶಸ್ತ್ರಚಿಕಿತ್ಸೆಯ ನಂತರ, ಕಾಫಿ ಕಪ್ ಹಿಡಿದು ಅಡುಗೆಮನೆಯಲ್ಲಿ ಒರಗಿ ನಿಂತ ವೈದ್ಯರು. ಈ ಚಿತ್ರವನ್ನು ಮೊದಲ ಪುಟಕ್ಕೆ ತಂದರೆ ಯಾರೋ ದಣಿದ ಮನುಷ್ಯ, ಅಷ್ಟೆ. ಹಿಂದಿನ ಪುಟಗಳೇ ಅದಕ್ಕೆ ಭಾರ ತುಂಬಿವೆ.

ಈಗ ಒಂದೊಂದೇ ಚೌಕವನ್ನು ಬೆರಳಿನಿಂದ ಮುಚ್ಚಿ. ಕಥೆ ಕುಂಟಿದರೆ ಆ ಚಿತ್ರ ಬೇಕಾದದ್ದು. ಕುಂಟದಿದ್ದರೆ ಸಂಪಾದಕರು ಅದನ್ನು ಯಾಕೆ ಉಳಿಸಿಕೊಂಡರೆಂದು ಯೋಚಿಸಿ.

ಒಂದೇ ಚೌಕಟ್ಟಿನ ಒಳಗೂ ಇದೇ ಪರೀಕ್ಷೆ ನಡೆಯುತ್ತದೆ. 1984ರ ಡಿಸೆಂಬರ್‌ನಲ್ಲಿ ಭೋಪಾಲದ ಅನಿಲ ದುರಂತದಲ್ಲಿ ಸತ್ತು ಹೂಳುತ್ತಿದ್ದ ಮಗುವಿನ ಚಿತ್ರವನ್ನು ರಘು ರಾಯ್ ಕಪ್ಪುಬಿಳುಪಿನಲ್ಲೂ ಪಾಬ್ಲೊ ಬಾರ್ಥಲೊಮ್ಯೂ ಬಣ್ಣದಲ್ಲೂ ತೆಗೆದರು. ರಾಯ್ ಅವರ ಚಿತ್ರದಲ್ಲಿ ಮಗುವಿನ ಮುಖದ ಬಳಿ ಒಂದು ಕೈ ಇದೆ. ಅದನ್ನು ಹೆಬ್ಬೆರಳಿನಿಂದ ಮುಚ್ಚಿದರೆ ಉಳಿಯುವುದು ಸಾವು ಮಾತ್ರ. ಬೆರಳು ತೆಗೆದರೆ ಆ ಮಗುವಿಗೆ ಯಾರೋ ಇದ್ದಾರೆ, ಅವರು ಕೊನೆಯ ಬಾರಿ ಮುಖ ನೋಡುತ್ತಿದ್ದಾರೆ ಎಂಬುದು ತಿಳಿಯುತ್ತದೆ. ಎರಡೂ ಚಿತ್ರಗಳನ್ನು ಅಕ್ಕಪಕ್ಕ ಇಟ್ಟು, ಬಣ್ಣ ಏನು ಕೊಟ್ಟಿತು ಏನು ಕಿತ್ತುಕೊಂಡಿತು ಎಂದು ನಾಲ್ಕು ಸಾಲು ಬರೆಯಿರಿ.

ಮೈಸೂರಿನ ಟಿ.ಎಸ್. ಸತ್ಯನ್ (1923–2009) ಅವರ ಮಕ್ಕಳ ಚಿತ್ರಗಳನ್ನು ಇನ್ನೊಂದು ಕಾರಣಕ್ಕೆ ನೋಡಬೇಕು: ಕ್ಯಾಮೆರಾ ಮಗುವಿನ ಕಣ್ಣಿನ ಎತ್ತರಕ್ಕೆ ಇಳಿದಾಗ ಏನಾಗುತ್ತದೆ ಎಂಬುದಕ್ಕೆ.

ವಿಷಯಕ್ಕೆ ಮೊದಲು ಪಂಚಾಂಗ

‘ರೈತರ ಬದುಕು’ ವಿಷಯವಾಗಲಾರದು, ಅದು ಇಡೀ ಗ್ರಂಥಾಲಯ. ಒಂದು ಮನೆ, ಒಂದು ಬೆಳೆ, ಆರಂಭಕ್ಕೂ ಮುಕ್ತಾಯಕ್ಕೂ ತಾನೇ ಗೆರೆ ಎಳೆಯುವ ಒಂದು ಕೆಲಸ ಹಿಡಿಯಿರಿ. ಅಭ್ಯಾಸಕ್ಕೆ ರಾಮನಗರದ ಸುತ್ತಿನ ರೇಷ್ಮೆ ಬೆಳೆ ಹೇಳಿ ಮಾಡಿಸಿದಂತಿದೆ. ಚಾಕಿ ಹುಳು, ಅಂದರೆ ಎಳೆಯ ಹುಳು, ಮನೆಗೆ ಬಂದಲ್ಲಿಂದ ಗೂಡು ಮಾರುಕಟ್ಟೆಗೆ ಹೋಗುವವರೆಗೆ ಹೆಚ್ಚುಕಡಿಮೆ ಇಪ್ಪತ್ತೈದು ದಿನ. ಹುಳುವಿಗೆ ತನ್ನದೇ ವೇಳಾಪಟ್ಟಿ ಇರುವುದರಿಂದ ನಿಮ್ಮದನ್ನು ಅದಕ್ಕೆ ಹೊಂದಿಸಿದರೆ ಸಾಕು.

ಮೊದಲ ಭೇಟಿ ಹುಳು ಬರುವ ಮುಂಚೆ, ಮನೆ ತೊಳೆದು ಬ್ಲೀಚಿಂಗ್ ಹೊಡೆಯುವಾಗ. ಆ ದಿನ ಕ್ಯಾಮೆರಾ ಕೊರಳಲ್ಲಿರಲಿ, ಕ್ಲಿಕ್ಕಿಸಬೇಡಿ. ಸ್ಮಿತ್ ಕ್ರೆಮ್ಲಿಂಗ್‌ನಲ್ಲಿ ಮೊದಮೊದಲು ಫಿಲ್ಮ್ ಹಾಕದ ಕ್ಯಾಮೆರಾ ಹಿಡಿದೇ ತಿರುಗಿದರೆಂಬ ಮಾತು ಇಂದಿಗೂ ಚಾಲ್ತಿಯಲ್ಲಿದೆ. ಅದರ ತರ್ಕ ಸರಳ, ಜನರಿಗೆ ಶಬ್ದ ರೂಢಿಯಾಗಬೇಕು. ಚಿತ್ರ ಎಲ್ಲಿ ಬರುತ್ತದೆ, ಯಾರು ನೋಡಬಹುದು, ಯಾವ ಕೋಣೆಗೆ ಬರಬಾರದು ಎಂಬುದೆಲ್ಲ ಅವತ್ತೇ ಮಾತಾಡಿ ಮುಗಿಯಲಿ. ಹುಳು ಮನೆಗೆ ಹೊರಗಿನವರನ್ನು ಬಿಟ್ಟುಕೊಳ್ಳಲು ರೈತರು ಹಿಂಜರಿಯುತ್ತಾರೆ, ಅದು ಮೂಢನಂಬಿಕೆಯೇನಲ್ಲ. ರೋಗ ಕಾಲಿಗಂಟಿ ಬರುತ್ತದೆ. ಒಳಗೆ ಹೋಗುವ ಮುನ್ನ ಕೈಕಾಲು ತೊಳೆಯಿರಿ, ಬಾಗಿಲಲ್ಲಿ ಸುಣ್ಣವೋ ಬ್ಲೀಚಿಂಗ್ ಪುಡಿಯೋ ಹಾಕಿದ್ದರೆ ತುಳಿದೇ ಹೋಗಿ. ಸೆಂಟು, ಸೊಳ್ಳೆ ಮುಲಾಮು ಹಚ್ಚಿಕೊಂಡು ಹೋಗಲೇಬೇಡಿ. ಒಂದು ಬೆಳೆ ಹಾಳಾದರೆ ನಿಮ್ಮ ಒಂಬತ್ತು ಚಿತ್ರಗಳಿಂದ ಅದನ್ನು ತುಂಬಿಕೊಡಲು ಆಗುವುದಿಲ್ಲ.

ಎರಡನೆಯ ಭೇಟಿ ಚಾಕಿ ಬರುವ ದಿನ. ಮೂರನೆಯದನ್ನು ಜ್ವರದ ದಿನಕ್ಕೆ ಇಟ್ಟುಕೊಳ್ಳಿ. ಹುಳು ಪೊರೆ ಬಿಡುವ ಹೊತ್ತಿಗೆ ಜ್ವರ ಅನ್ನುತ್ತಾರೆ. ಹೆಚ್ಚುಕಡಿಮೆ ಒಂದು ದಿನ ತಲೆ ಎತ್ತಿ ಅಲುಗದೆ ನಿಂತಿರುತ್ತವೆ, ಸೊಪ್ಪು ಹಾಕುವ ಕೆಲಸವಿಲ್ಲ, ಮನೆಯವರಿಗೆ ಪುರಸೊತ್ತು. ಭಾವಚಿತ್ರ ತೆಗೆಯಲು, ಸಾಲದ ಲೆಕ್ಕ ಕೇಳಲು, ಗೋಡೆಯ ಕ್ಯಾಲೆಂಡರ್ ಮೇಲೆ ಗೀಚಿದ ತಾರೀಕುಗಳನ್ನು ಹತ್ತಿರದಿಂದ ತೆಗೆಯಲು ಇದೇ ದಿನ ಸರಿ. ಬೇರೆ ದಿನ ‘ಒಂದ್ನಿಮಿಷ ಇಲ್ಲಿ ನೋಡಿ’ ಅಂದರೆ ಕೆಲಸ ಕೆಡುತ್ತದೆ, ಮುಖ ಬಿಗಿಯುತ್ತದೆ.

ನಾಲ್ಕನೇ ಜ್ವರ ಎದ್ದ ಮೇಲೆ ಒಂದು ವಾರ ಮನೆಯಲ್ಲಿ ನಿದ್ದೆ ಇರುವುದಿಲ್ಲ. ಹುಳು ಜೀವಮಾನದಲ್ಲಿ ತಿನ್ನುವ ಸೊಪ್ಪಿನ ಸುಮಾರು ನೂರಕ್ಕೆ 80 ಭಾಗ ಈ ವಾರದಲ್ಲೇ ಖರ್ಚು. ಬೆಳಗಿನ ಜಾವ ಸೊಪ್ಪು ಕೊಯ್ಯುವುದಕ್ಕೆ ಒಂದು ಭೇಟಿ, ರಾತ್ರಿ ಸೊಪ್ಪು ಹಾಕುವುದಕ್ಕೆ ಇನ್ನೊಂದು. ಆಮೇಲೆ ಹುಳು ಹಣ್ಣಾಗುವ, ಅಂದರೆ ಗೂಡು ಕಟ್ಟಲು ತಯಾರಾಗುವ ದಿನ: ಅಕ್ಕಪಕ್ಕದವರೂ ಕೈಜೋಡಿಸಿ ಹಣ್ಣು ಹುಳು ಆರಿಸಿ ಗೂಡು ಕಟ್ಟಲು ಬಿದಿರಿನ ಚಂದ್ರಿಕೆಗೋ ಪ್ಲಾಸ್ಟಿಕ್ ನೇತ್ರಿಕೆಗೋ ಬಿಡುತ್ತಾರೆ. ಈ ದಿನ ತಪ್ಪಿದರೆ ಕಥೆಯ ನಡು ಮುರಿಯಿತು. ಕೊನೆಯ ಭೇಟಿ ಗೂಡು ಬಿಡಿಸಿ ಮಾರುಕಟ್ಟೆಗೆ ಹೊರಡುವಾಗ.

ಏನು ಕೆಡುತ್ತದೆ

ಹುಳು ಮನೆಯಲ್ಲಿ ಬೆಳಕು ಕಡಿಮೆ. 35 ಎಂಎಂ ಲೆನ್ಸ್, ಎಫ್ 2.8 (ಲೆನ್ಸಿನ ಬಾಯಿಯ ಅಳತೆ), 1/125 ಸೆಕೆಂಡ್ ಶಟರ್, ಐಎಸ್‌ಒ (ಬೆಳಕಿನ ಸಂವೇದನೆ) 3200ರಿಂದ ಶುರು ಮಾಡಿ. ಸೊಪ್ಪು ಹಾಕುವವರ ಕೈ ಜೋರಾಗಿ ಆಡುತ್ತಿದ್ದರೆ 1/250. ಕಾಳು ಕಾಳಾಗಿ ಕಂಡರೂ ಕಥೆ ಉಳಿಯುತ್ತದೆ, ಮಸುಕಾದರೆ ಹೋಯಿತು. ಫ್ಲ್ಯಾಶ್ ಬೇಡ. ಒಮ್ಮೆ ಮಿಂಚಿದರೆ ಮನೆಯವರೆಲ್ಲ ನಿಮ್ಮ ಕಡೆ ತಿರುಗುತ್ತಾರೆ.

ಮಾರುಕಟ್ಟೆಯ ಟ್ಯೂಬ್‌ಲೈಟು ಮತ್ತು ಅಗ್ಗದ ಎಲ್‌ಇಡಿಗಳ ಕೆಳಗೆ ಚಿತ್ರದಲ್ಲಿ ಕಪ್ಪು ಪಟ್ಟೆಗಳು ಬೀಳುತ್ತವೆ. ನಮ್ಮ ವಿದ್ಯುತ್ತು 50 ಹರ್ಟ್ಸ್, ದೀಪ ಸೆಕೆಂಡಿಗೆ 100 ಸಲ ಮಿನುಗುತ್ತದೆ. ಶಟರ್ 1/100 ಅಥವಾ 1/50ಕ್ಕೆ ಇಳಿದರೆ ಪಟ್ಟೆ ಹೋಗುತ್ತದೆ. ಸದ್ದಿಲ್ಲದ ಎಲೆಕ್ಟ್ರಾನಿಕ್ ಶಟರ್ ಇಲ್ಲಿ ಇನ್ನಷ್ಟು ತೊಂದರೆ ಕೊಡುತ್ತದೆ, ಮೆಕ್ಯಾನಿಕಲ್‌ಗೆ ಬದಲಿಸಿ.

ರಾಶಿ ಬಿಳಿಗೂಡನ್ನು ಕ್ಯಾಮೆರಾ ಬೂದಿ ಬಣ್ಣಕ್ಕೆ ಇಳಿಸುತ್ತದೆ. ಎಕ್ಸ್‌ಪೋಶರ್ ಕಾಂಪೆನ್ಸೇಶನ್ +0.7ರಿಂದ +1.3ರವರೆಗೆ ಏರಿಸಿ. ಮಿಶ್ರತಳಿಯ ಹಳದಿ ಗೂಡಾದರೆ ಆಟೊ ವೈಟ್ ಬ್ಯಾಲೆನ್ಸ್ ಆ ಹಳದಿಯನ್ನೇ ಒರೆಸಿಹಾಕುವ ಅಪಾಯವಿದೆ. ಬಿಸಿಲಿನಲ್ಲಿ ತೆಗೆಯುವಾಗ ಡೇಲೈಟ್‌ಗೆ ಕಟ್ಟಿಹಾಕಿ.

ಗೂಡಿನ ಹಿಂದೆ ನೂಲು ತೆಗೆಯುವ ಘಟಕದವರೆಗೂ ಹೋಗುವುದಾದರೆ ಕುದಿನೀರಿನ ಆವಿಗೆ ಲೆನ್ಸ್ ಮಂಜಾಗುತ್ತದೆ. ಬಟ್ಟೆಯಲ್ಲಿ ಒರೆಸುತ್ತ ಕೂರಬೇಡಿ. ಜಿಪ್ ಹಾಕಿದ ಚೀಲದಲ್ಲೇ 20 ನಿಮಿಷ ಒಳಗಿಟ್ಟು, ಬಿಸಿಗೆ ಒಗ್ಗಿದ ಮೇಲೆ ಹೊರತೆಗೆಯಿರಿ.

ಮೊಬೈಲಿನಲ್ಲೇ ತೆಗೆಯುತ್ತೀರಾ? ಜೂಮ್ ಮಾಡದೆ 1ಎಕ್ಸ್‌ನಲ್ಲಿ ಇಟ್ಟು ನೀವೇ ಹತ್ತಿರ ಹೋಗಿ. ಪೋರ್ಟ್ರೇಟ್ ಮೋಡ್ ಆಫ್ ಮಾಡಿ, ಅದು ಹಿನ್ನೆಲೆಯನ್ನು ಸುಳ್ಳು ಸುಳ್ಳೇ ಮಸುಕು ಮಾಡುತ್ತದೆ. ಹಿನ್ನೆಲೆಯಲ್ಲೇ ಮನೆ ಇದೆ.

ತಾಂತ್ರಿಕವಲ್ಲದ, ಆದರೆ ಎಲ್ಲರೂ ಮಾಡುವ ತಪ್ಪೊಂದು ಮಾರುಕಟ್ಟೆಯ ಗೂಡಿನ ಹರಾಜಿನಲ್ಲಿ ಆಗುತ್ತದೆ. ಬೆಲೆ ಗೊತ್ತಾಗುವ ಕ್ಷಣದಲ್ಲಿ ಎಲ್ಲರ ಕ್ಯಾಮೆರಾ ಗೂಡಿನ ಕಡೆಗೋ ಅಂಕಿಯ ಕಡೆಗೋ ತಿರುಗಿರುತ್ತದೆ. ಬೆಲೆ ಎಲ್ಲಿ ಕಾಣಿಸುತ್ತದೆಂದು ಮುಂಚೆ ತಿಳಿದುಕೊಂಡು, ಅದಕ್ಕೆ ಬೆನ್ನು ಹಾಕಿ, ರೈತರ ಮುಖ ಕಾಣುವಂತೆ ನಿಲ್ಲಿ. ಇಪ್ಪತ್ತೈದು ದಿನದ ಫಲಿತಾಂಶ ಆ ಮುಖದ ಮೇಲೆ ಎರಡು ಸೆಕೆಂಡು ಇರುತ್ತದೆ.

ನೆಲದ ಮೇಲೆ ಹರಡಿ

ಆರೇಳು ಭೇಟಿಗೆ ಒಂದು ಸಾವಿರ ಚಿತ್ರ ಸುಲಭವಾಗಿ ಆಗುತ್ತದೆ. ಮೊದಲ ಸುತ್ತು ಬೇಗ ಮುಗಿಯಲಿ, ಮಸುಕಾದವು ಮತ್ತು ಅವಳಿಗಳು ಹೊರಗೆ, 90 ಉಳಿಯಲಿ. ಒಂದು ವಾರ ಮುಟ್ಟಬೇಡಿ. ಆಮೇಲೆ 30ಕ್ಕೆ ಇಳಿಸಿ, 4×6 ಇಂಚಿನ ಅಗ್ಗದ ಪ್ರಿಂಟ್ ಹಾಕಿಸಿ ನೆಲದ ಮೇಲೆ ಹರಡಿ. ಪರದೆಯಲ್ಲಿ ಒಂದೊಂದಾಗಿ ನೋಡುವಾಗ ಕಾಣದ ದೋಷ ನೆಲದ ಮೇಲೆ ತಟ್ಟನೆ ಕಾಣುತ್ತದೆ: ಹನ್ನೆರಡು ಚಿತ್ರ ಒಂದೇ ದೂರದಿಂದ, ಎಲ್ಲವೂ ನಿಂತ ಎತ್ತರದಿಂದ, ಒಂದರಲ್ಲೂ ಮನೆಯ ಹೊರಗಣ ನೋಟ ಇಲ್ಲ.

ಹಳೆಯ ಚಿತ್ರಪತ್ರಿಕೆಗಳ ಸೂತ್ರ ಈಗ ಕೆಲಸಕ್ಕೆ ಬರುತ್ತದೆ. ದೂರದ ನೋಟ, ಮಧ್ಯಮ ನೋಟ, ಸಮೀಪದ ವಿವರ, ಭಾವಚಿತ್ರ, ಇಬ್ಬರ ನಡುವಿನ ಒಡನಾಟ, ಕೆಲಸದ ಹಂತಗಳು, ಇಡೀ ಕಥೆಯ ಸಾರ ಹಿಡಿದ ಒಂದು, ಮುಗಿಸುವ ಒಂದು. ಇವನ್ನು ಖಾಲಿ ಜಾಗ ಪತ್ತೆ ಮಾಡಲು ಬಳಸಿ. ಪಟ್ಟಿ ಹಿಡಿದು ಚಿತ್ರ ತೆಗೆಯಲು ಹೊರಟರೆ ಸರ್ಕಾರಿ ಕಿರುಹೊತ್ತಗೆ ತಯಾರಾಗುತ್ತದೆ.

ಕೊನೆಗೆ 9 ಉಳಿಯಲಿ. ಅತ್ಯಂತ ಚಂದದ ಚಿತ್ರ ಕಥೆಗೆ ಒಗ್ಗುತ್ತಿಲ್ಲವೆಂದು ಇಲ್ಲಿ ಗೊತ್ತಾಗುತ್ತದೆ, ಸಾಮಾನ್ಯವಾಗಿ ಚಂದ್ರಿಕೆಯ ಮೇಲೆ ಹೊನ್ನಬೆಳಕು ಬಿದ್ದ ಆ ಚಿತ್ರವೇ. ಅದನ್ನು ಗೋಡೆಗೆ ಹಾಕಿಕೊಳ್ಳಿ. ರೇಷ್ಮೆಯ ಗಂಧಗಾಳಿ ಇಲ್ಲದ ಒಬ್ಬರ ಕೈಗೆ ಒಂಬತ್ತನ್ನೂ ಕೊಟ್ಟು, ಏನಾಯಿತು ಹೇಳಿ ಅನ್ನಿ. ಅವರು ಎಡವಿದ ಕಡೆ ಚಿತ್ರ ಬದಲಾಗಬೇಕು ಅಥವಾ ಕ್ರಮ ಬದಲಾಗಬೇಕು.

ಬೆಳಕು, ಕಾಂಟ್ರಾಸ್ಟ್, ಸಣ್ಣ ಕತ್ತರಿಪ್ರಯೋಗಕ್ಕೆ ಅಡ್ಡಿಯಿಲ್ಲ. ಒಳಗಿದ್ದದ್ದನ್ನು ತೆಗೆಯುವುದು, ಇಲ್ಲದ್ದನ್ನು ಸೇರಿಸುವುದು ಸಲ್ಲ. 2003ರಲ್ಲಿ ಇರಾಕ್ ಯುದ್ಧದ ವೇಳೆ ಲಾಸ್ ಏಂಜಲೀಸ್ ಟೈಮ್ಸ್‌ನ ಬ್ರಯಾನ್ ವಾಲ್ಸ್‌ಕಿ ಕ್ಷಣಗಳ ಅಂತರದ ಎರಡು ಚಿತ್ರಗಳನ್ನು ಬೆಸೆದು ಒಂದು ಮಾಡಿದರು. ಹಿನ್ನೆಲೆಯ ಅದೇ ಜನ ಎರಡೆರಡು ಸಲ ಕಂಡು ಸಿಕ್ಕಿಬಿದ್ದರು, ಕೆಲಸವೂ ಹೋಯಿತು. ಮತ್ತೆ ಮಾಡಿಸಿ ತೆಗೆದ ದೃಶ್ಯಕ್ಕೂ ಇದೇ ನಿಯಮ. ಸೊಪ್ಪು ಹಾಕಿ ಮುಗಿದಿದ್ದರೆ ಮುಂದಿನ ಸರದಿಗೆ ಕಾಯಿರಿ.

ಅಡಿಬರಹ

‘ಅನ್ನದಾತನ ಅಳಲು’ ಎಂಬುದು ಅಡಿಬರಹವಲ್ಲ. ‘ನಾಲ್ಕನೇ ಜ್ವರ ಎದ್ದ ಹುಳುಗಳಿಗೆ ರಾತ್ರಿ 10ರ ಸರದಿಯ ಸೊಪ್ಪು ಹಾಕುತ್ತಿರುವುದು’ ಎಂದು ಬರೆದು, ಮುಂದೆ ಹೆಸರು, ವಯಸ್ಸು, ಊರು, ತಾರೀಕು ಸೇರಿಸಿ. ಎರಡನೆಯ ವಾಕ್ಯದಲ್ಲಿ ಚಿತ್ರ ತೋರಿಸಲಾರದ್ದು ಬರಲಿ: ಕಳೆದ ಬೆಳೆಗೆ ಸಿಕ್ಕ ಬೆಲೆ, ಈ ಬೆಳೆಯ ಖರ್ಚು. ಕಂಡದ್ದನ್ನೇ ಮತ್ತೆ ಹೇಳಿದರೆ ಸಾಲು ದಂಡ. ಹೆಸರು ಬಿಡಲೇಬೇಕಾದ ಸಂದರ್ಭಗಳೂ ಇವೆ. ಲೈಂಗಿಕ ದೌರ್ಜನ್ಯಕ್ಕೆ ಒಳಗಾದ ಮಕ್ಕಳ ಗುರುತು ಹೊರಗೆಡಹುವುದನ್ನು ಪೋಕ್ಸೊ ಕಾಯ್ದೆಯ 23ನೇ ಕಲಂ ತಡೆಯುತ್ತದೆ, ಕಾನೂನಿನೊಂದಿಗೆ ಸಂಘರ್ಷದಲ್ಲಿರುವ (ಅಪರಾಧದ ಆರೋಪ ಹೊತ್ತ) ಅಥವಾ ರಕ್ಷಣೆ ಬೇಕಾದ ಮಕ್ಕಳದನ್ನು ಬಾಲನ್ಯಾಯ ಕಾಯ್ದೆಯ 74ನೇ ಕಲಂ. ಮುಖ ಮಸುಕು ಮಾಡಿ ಮನೆಯ ಬಾಗಿಲು, ಶಾಲೆಯ ಸಮವಸ್ತ್ರ ಬಿಟ್ಟರೆ ಗುರುತು ಮುಚ್ಚಿದಂತಾಗುವುದಿಲ್ಲ.

ಉಳಿದ ಕಡೆ ಹೆಸರು ಬೇಕೇ ಬೇಕು. 1936ರ ಮಾರ್ಚ್‌ನಲ್ಲಿ ಕ್ಯಾಲಿಫೋರ್ನಿಯಾದ ನಿಪೋಮೊದಲ್ಲಿ ಡೊರೊಥಿಯಾ ಲ್ಯಾಂಗ್ ತೆಗೆದ ವಲಸೆ ತಾಯಿಯ ಚಿತ್ರ ಜಗತ್ತಿಗೆಲ್ಲ ಗೊತ್ತು. ಗುಡಾರ ಪೂರ್ತಿ ಕಾಣುವ ದೂರದ ಚೌಕಟ್ಟಿನಿಂದ ಮುಖದವರೆಗೆ ಹಂತಹಂತವಾಗಿ ಹತ್ತಿರ ಬಂದ ಆ ಸರಣಿಯನ್ನು ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ ಜಾಲತಾಣದಲ್ಲಿ ನೋಡಿ, ಅದೂ ಒಂದು ಪಾಠ. ಆದರೆ ಲ್ಯಾಂಗ್ ಆಕೆಯ ಹೆಸರು ಬರೆದುಕೊಳ್ಳಲಿಲ್ಲ. ಅವರು ಫ್ಲಾರೆನ್ಸ್ ಓವೆನ್ಸ್ ಥಾಂಪ್ಸನ್ ಎಂದು ಹೊರಗೆ ತಿಳಿದದ್ದು 1978ರಲ್ಲಿ. ನೋಟ್‌ಪುಸ್ತಕವನ್ನು ಚಿತ್ರದಲ್ಲಿರುವವರ ಕೈಗೇ ಕೊಟ್ಟು ಹೆಸರು ಬರೆಸಿಕೊಳ್ಳಿ, ಬರೆಯಲು ಬಾರದವರಾದರೆ ನೀವು ಬರೆದದ್ದನ್ನು ಗಟ್ಟಿಯಾಗಿ ಓದಿ ಹೇಳಿ. ಪ್ರಕಟಣೆಗೆ ಮುನ್ನ ಒಂಬತ್ತೂ ಪ್ರಿಂಟುಗಳನ್ನು ಆ ಮನೆಗೆ ಒಯ್ದು ತೋರಿಸಿ. ಜ್ವರದ ದಿನ ನೋಡಿ ಹೋದರೆ ಕೂತು ನೋಡಲು ಅವರಿಗೂ ಹೊತ್ತಿರುತ್ತದೆ.