ನೆರೆಯ ದೇಶದಲ್ಲಿ ಆಶ್ರಯ ಕೋರುವವರಿಗೆ ಮಾರ್ಗದರ್ಶಿ

ಕಿರುಕುಳದಿಂದ ಪಾರಾಗಿ ಗಡಿ ದಾಟಿದವರು ತಡಮಾಡದೆ ಅಧಿಕಾರಿಗಳ ಮುಂದೆ ಹಾಜರಾಗಿ, ತಾವು ಆಶ್ರಯ ಕೋರುತ್ತಿರುವುದಾಗಿ ಸ್ಪಷ್ಟವಾಗಿ ಹೇಳಬೇಕು. 1951ರ ನಿರಾಶ್ರಿತರ ಒಪ್ಪಂದದ 31ನೇ ವಿಧಿಯ ಪ್ರಕಾರ, ಅಪಾಯದ ಸ್ಥಳದಿಂದ ನೇರವಾಗಿ ಬಂದು, ಬೇಗನೆ ಹಾಜರಾಗಿ, ಸೂಕ್ತ ಕಾರಣ ನೀಡಿದ ನಿರಾಶ್ರಿತರನ್ನು ಅಕ್ರಮ ಪ್ರವೇಶಕ್ಕಾಗಿ ದಂಡಿಸುವಂತಿಲ್ಲ. 33ನೇ ವಿಧಿಯು ಅವರನ್ನು ಅಪಾಯವಿರುವೆಡೆಗೆ ಮರಳಿ ಅಟ್ಟುವುದನ್ನು ನಿಷೇಧಿಸುತ್ತದೆ. ಒಪ್ಪಂದಕ್ಕೆ ಸೇರದ ಹಲವು ದೇಶಗಳಲ್ಲಿ ವಿಶ್ವಸಂಸ್ಥೆಯ ನಿರಾಶ್ರಿತರ ಹೈಕಮಿಷನರ್ ಕಚೇರಿಯೇ ನೋಂದಣಿ ನಡೆಸುತ್ತದೆ.

ಅತ್ಯಂತ ಕಠಿಣವಾದ ಘಟ್ಟವೆಂದರೆ ಸಂದರ್ಶನ. ಜನಾಂಗ, ಧರ್ಮ, ರಾಷ್ಟ್ರೀಯತೆ, ನಿರ್ದಿಷ್ಟ ಸಾಮಾಜಿಕ ಗುಂಪಿನ ಸದಸ್ಯತ್ವ ಅಥವಾ ರಾಜಕೀಯ ಅಭಿಪ್ರಾಯ, ಇವುಗಳಲ್ಲಿ ಯಾವ ಕಾರಣಕ್ಕಾಗಿ ತಮಗೆ ಭಯವಿದೆ ಎಂಬುದನ್ನು ಘಟನೆಗಳ ಅನುಕ್ರಮದಲ್ಲಿ ವಿವರಿಸಬೇಕು. ದಿನಾಂಕ ನೆನಪಿಲ್ಲದಿದ್ದರೆ ಊಹಿಸಿ ಹೇಳುವುದಕ್ಕಿಂತ ನೆನಪಿಲ್ಲವೆಂದು ಒಪ್ಪಿಕೊಳ್ಳುವುದೇ ಲೇಸು, ಏಕೆಂದರೆ ಹೇಳಿಕೆಗಳ ನಡುವಿನ ಸಣ್ಣ ವ್ಯತ್ಯಾಸವೂ ಅನುಮಾನಕ್ಕೆ ಎಡೆಮಾಡಬಹುದು. (ಆಘಾತ ಅನುಭವಿಸಿದವರ ನೆನಪು ಕ್ರಮಬದ್ಧವಾಗಿರುವುದಿಲ್ಲ ಎಂಬುದನ್ನು ಎಲ್ಲ ಅಧಿಕಾರಿಗಳೂ ಅರಿತಿರುತ್ತಾರೆ ಎನ್ನುವಂತಿಲ್ಲ.) ದುಭಾಷಿಯ ಮಾತು ಅರ್ಥವಾಗದಿದ್ದರೆ ಕೂಡಲೇ ತಿಳಿಸಿ, ಬೇರೊಬ್ಬರನ್ನು ಕೇಳಬೇಕು. ಅರ್ಜಿ ತಿರಸ್ಕೃತವಾದರೆ ಮೇಲ್ಮನವಿಯ ಗಡುವನ್ನು ಅಂದೇ ವಿಚಾರಿಸಬೇಕು. ಅದು ಕೆಲವೇ ದಿನಗಳದ್ದಾಗಿರಬಹುದು.

ಗುರುತಿನ ಚೀಟಿ, ಜನನ ಪ್ರಮಾಣಪತ್ರ ಮತ್ತು ಅಂಕಪಟ್ಟಿಗಳ ಪ್ರತಿಗಳನ್ನು ಕಾಪಾಡಿಕೊಳ್ಳಬೇಕು. ಮೂಲಪ್ರತಿಗಳನ್ನು ದಲ್ಲಾಳಿಗಳ ಕೈಗೆ ಕೊಡಬಾರದು. ಕೆಲಸದ ಪರವಾನಗಿ ಸಿಗುವವರೆಗೆ ಕಾಯುವ ಅವಧಿಯಲ್ಲೇ ಸ್ಥಳೀಯ ಭಾಷೆ ಕಲಿಯಲು ತೊಡಗುವುದು ಒಳ್ಳೆಯದು. ಮಕ್ಕಳನ್ನಂತೂ ಶಾಲೆಗೆ ಸೇರಿಸಲು ಅಂತಿಮ ತೀರ್ಪಿಗಾಗಿ ಕಾಯಬೇಡಿ.